ಅಲಾರಂನ ವೈರು ಕಿತ್ತ ಮಧ್ಯಾಹ್ನ

ಆ ಅಣ್ಣ ತಂಗಿಯ ಕೋಳಿಮರಿ ಹ್ಯಾಚರಿಯಲ್ಲಿ ಬಿಸಿ ಮಾಡುವ ಮಶೀನು ಇತ್ತು. ತಣ್ಣಗೆ ಮಾಡುವಂಥದ್ದು ಏನೂ ಇರಲಿಲ್ಲ.

ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಕೋಳಿ ಮೊಟ್ಟೆ ಮರಿಯಾಗಬೇಕಾದರೆ ಮೂವತ್ತೇಳೂವರೆ ಡಿಗ್ರಿ ಶಾಖದಲ್ಲಿ ಮೂರು ವಾರ ಇರಬೇಕು. ಅಪ್ಪ ಆ ಮಶೀನು ಕೂರಿಸಿದ ಕಾಲದಲ್ಲಿ ಕೋಣೆ ಯಾವಾಗಲೂ ಮೊಟ್ಟೆಗಿಂತ ತಣ್ಣಗೇ ಇರುತ್ತಿತ್ತು. ಹಾಗಾಗಿ ಬೀರುವಿನಷ್ಟು ಎತ್ತರದ ಆ ತಗಡಿನ ಪೆಟ್ಟಿಗೆಗೆ ಗೊತ್ತಿದ್ದದ್ದು ಒಂದೇ ಕೆಲಸ. ಶಾಖ ಇಳಿದರೆ ಒಳಗಿನ ಕಾಯಿಲ್ ಕೆಂಪಗಾಗುತ್ತಿತ್ತು, ಸಾಕಾದಾಗ ಆರುತ್ತಿತ್ತು. ಕೋಣೆಯೇ ಮೊಟ್ಟೆಗಿಂತ ಬಿಸಿಯಾದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗ ಅದರ ನೆತ್ತಿಯ ಮೇಲಿದ್ದ ಅಲಾರಂ ಡಬ್ಬಿ ಕಿರುಚುತ್ತಿತ್ತು, ಅಷ್ಟೆ.

ಅಪ್ಪ ಇರುವವರೆಗೆ ಆ ಡಬ್ಬಿ ಕೂಗಿದ್ದನ್ನು ತಂಗಿ ಕೇಳಿಯೇ ಇರಲಿಲ್ಲ. ಈಗ ಮೂರು ಬೇಸಿಗೆಯಿಂದ ಅದು ಬಾಯಿ ಮುಚ್ಚುತ್ತಿರಲಿಲ್ಲ.

ಹ್ಯಾಚರಿ ಅಣ್ಣ ತಂಗಿ ಇಬ್ಬರದೂ. ಬೀದಿಯ ಮೂಲೆಯಲ್ಲಿ, ಮನೆಗೆ ಅಂಟಿಕೊಂಡೇ ತಗಡಿನ ಮಾಡಿನ ಎರಡು ಕೋಣೆ. ಸುತ್ತಲಿನ ಹೆಂಗಸರು ತಮ್ಮ ಕೋಳಿಗಳ ಮೊಟ್ಟೆ ತಂದು ಕೊಡುತ್ತಿದ್ದರು, ಮೂರು ವಾರ ಬಿಟ್ಟು ಮರಿ ಒಯ್ಯುತ್ತಿದ್ದರು. ಲೆಕ್ಕ, ಗಿರಾಕಿ, ಲಸಿಕೆ ತಂಗಿಯದು. ಮಶೀನು ಮತ್ತು ದೀಪ ಅಣ್ಣನದು.

ದೀಪ ಅಂದರೆ ಆ ಕಸುಬಿನ ಮುಖ್ಯ ಕೆಲಸ. ಏಳನೆಯ ದಿನ ಮೊಟ್ಟೆಗಳನ್ನು ಕತ್ತಲೆ ಕೋಣೆಗೆ ತಂದು ಒಂದೊಂದನ್ನೇ ಬೆಳಕಿಗೆ ಹಿಡಿಯಬೇಕು. ಒಳಗೆ ಜೇಡರ ಬಲೆಯಂಥ ಕೆಂಪು ನರ ಕಂಡರೆ ಜೀವ ಇದೆ. ಬರೀ ಹಳದಿ ಬೆಳಕು ಕಂಡರೆ ಇಲ್ಲ. ಜೀವ ಇಲ್ಲದ್ದನ್ನು ಎತ್ತಿ ಪಕ್ಕಕ್ಕಿಡಬೇಕು, ಅದು ಯಾರ ಮನೆ ಮೊಟ್ಟೆಯೇ ಆಗಿರಲಿ. ಇದರಲ್ಲಿ ಅಣ್ಣನನ್ನು ಮೀರಿಸಿದವರು ಇರಲಿಲ್ಲ. ಪಾಸಾದ ಮೊಟ್ಟೆಯ ಮೇಲೆ ಅವನು ನೀಲಿ ಪೆನ್ಸಿಲಿನಲ್ಲಿ ಒಂದು ಟಿಕ್ ಎಳೆಯುತ್ತಿದ್ದ. ಆ ಟಿಕ್ ಬಿದ್ದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಅವನನ್ನು ಬೀದಿಯವರು ಕರೆಯುತ್ತಿದ್ದದ್ದು ಪುರಾವೆಯಣ್ಣ ಅಂತ. ಆ ಹೆಸರನ್ನು ಅವನು ಸಂಪಾದಿಸಿದ್ದ. ಒಮ್ಮೆ ಟೈ ಕಟ್ಟಿಕೊಂಡ ಮಾರಾಟಗಾರನೊಬ್ಬ ಪುಡಿಯ ಡಬ್ಬ ಹಿಡಿದು ಬಂದ. ಕೋಳಿಗೆ ತಿನ್ನಿಸಿದರೆ ಬರೀ ಹೆಣ್ಣುಮರಿ ಹುಟ್ಟುತ್ತವಂತೆ. ಬೀದಿಯ ಉಳಿತಾಯ ಸಂಘದ ಹೆಂಗಸರು ದುಡ್ಡು ತೆಗೆಯಲು ಸೊಂಟಕ್ಕೆ ಕೈ ಹಾಕಿದ್ದರು.

"ಪುರಾವೆ?" ಅಂದ ಅಣ್ಣ.

"ಎಲ್ಲಾ ಕಡೆ ತಗೋತಿದಾರೆ ಸಾರ್."

"ತಗೊಳ್ಳೋದು ಪುರಾವೆ ಅಲ್ಲ. ಹತ್ತು ಕೋಳಿಗೆ ನಿಮ್ಮ ಪುಡಿ ಹಾಕೋಣ, ಹತ್ತಕ್ಕೆ ಬೇಡ. ಮೊಟ್ಟೆ ಬೇರೆ ಬೇರೆ ಟ್ರೇಲಿ ಇಡೋಣ. ನಿಮ್ಮ ಟ್ರೇಲಿ ಹೆಣ್ಣು ಜಾಸ್ತಿ ಬಂದ್ರೆ ನಿಮ್ಮ ಗಾಡೀಲಿರೋ ಮಾಲೆಲ್ಲ ನಾನೇ ಕೊಂಡ್ಕೋತೀನಿ. ಬರ್ಲಿಲ್ಲ ಅಂದ್ರೆ ನೀವು ಈ ಬೀದಿ ಕಡೆ ತಲೆ ಹಾಕಬಾರದು."

ಎರಡೂ ಟ್ರೇಯಲ್ಲಿ ಹುಂಜ, ಹೇಂಟೆ ಸಮಸಮ ಬಂದವು. ಮಾರಾಟಗಾರ ಫಲಿತಾಂಶ ಕೇಳಲೂ ಬರಲಿಲ್ಲ. ಅವತ್ತು ತಂಗಿಗೆ ಅಣ್ಣನ ಬಗ್ಗೆ ಹೆಮ್ಮೆಯಾಗಿತ್ತು. ಆಗಲೇಬೇಕಿತ್ತು. ಅದು ಸಂಶಯ ಅಂದರೆ. ಪ್ರಶ್ನೆ ಕೇಳಿದ್ದ, ಏನು ಬಂದರೆ ಒಪ್ಪುತ್ತೇನೆಂದು ಮೊದಲೇ ಹೇಳಿದ್ದ, ಆಮೇಲೆ ಉತ್ತರಕ್ಕೆ ಕಾದಿದ್ದ.

ಅದೇ ಮನುಷ್ಯ ಅಲಾರಂ ವಿಷಯದಲ್ಲಿ ಬೇರೆಯೇ ಆದ.

ಬೇಸಿಗೆ ಕಾಲಿಡುವ ಹೊತ್ತಿಗೆ ಪಶು ಆಸ್ಪತ್ರೆಯ ಡಾಕ್ಟರಮ್ಮ ಮರಿಗಳಿಗೆ ಲಸಿಕೆ ಹಾಕಲು ಬಂದರು. ಕೆಲಸ ಮುಗಿಸಿ ಹೊರಗೆ ಬಂದು ಸೆರಗಿನಲ್ಲಿ ಕತ್ತು ಒರೆಸಿಕೊಂಡರು.

"ಇದೇನು ಹ್ಯಾಚರಿನೋ ಬೇಕರಿನೋ? ಒಳಗೆ ನಾನೇ ಬೆಂದು ಹೋದೆ," ಅಂದರು. "ಹೋದ ಬೇಸಿಗೇಲಿ ನಿಮಗೆ ಮರಿ ಎಷ್ಟು ಬಂದ್ವು?"

"ಅರ್ಧಕ್ಕರ್ಧ ಸತ್ವು ಡಾಕ್ಟರಮ್ಮ," ಅಂದಳು ತಂಗಿ.

"ಈ ಸಲ ಇನ್ನೂ ಜೋರು ಅಂತಿದೆ ಹವಾಮಾನ ಇಲಾಖೆ. ಮಾಡಿಗೆ ಸುಣ್ಣ ಬಳೀರಿ, ಗೋಡೆ ಒಡೆದು ಎದುರುಬದುರು ಎರಡು ದೊಡ್ಡ ಫ್ಯಾನ್ ಹಾಕ್ರಿ, ಬಾಗಿಲಿಗೆ ಒದ್ದೆ ಗೋಣಿ ಕಟ್ರಿ. ಮುಖ್ಯವಾಗಿ, ಮಶೀನು ಭರ್ತಿ ತುಂಬಬೇಡ್ರಿ. ಕೊನೆ ವಾರದಲ್ಲಿ ಮೊಟ್ಟೆ ಒಳಗಿರೋ ಮರಿ ತಾನೇ ಶಾಖ ಬಿಡುತ್ತೆ. ಹೊರಗೂ ಬಿಸಿ, ಒಳಗೂ ಬಿಸಿ ಅಂದ್ರೆ ಅವು ಎಲ್ಲಿಗೆ ಹೋಗ್ಬೇಕು?"

ಅಣ್ಣ ಮೊಟ್ಟೆ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ಪುರಾವೆ?" ಅಂದ.

"ಥರ್ಮಾಮೀಟರ್ ನೋಡ್ರಿ."

"ಅದು ಕೆಟ್ಟಿದೆ."

ನಿಜ ಹೇಳಬೇಕೆಂದರೆ ತಂಗಿಗೂ ಆ ಸಂಶಯ ಇತ್ತು. ಕೋಣೆಯ ಥರ್ಮಾಮೀಟರು ಮಾಡಿನ ತಗಡಿಗೆ ಅಂಟಿಕೊಂಡಂತೆ ನೇತಾಡುತ್ತಿತ್ತು. ತಗಡಿನ ಬಿಸಿಯನ್ನೇ ಕೋಣೆಯ ಬಿಸಿ ಅಂತ ತೋರಿಸುತ್ತಿರಬಹುದು. ಅವಳು ಡಾಕ್ಟರಮ್ಮನ ಲಸಿಕೆ ಡಬ್ಬಿಯಿಂದ ಒಂದು, ಆಸ್ಪತ್ರೆಯಿಂದ ಒಂದು ಥರ್ಮಾಮೀಟರು ಕೇಳಿ ತಂದಳು. ಮೂರನ್ನೂ ಕರಗುತ್ತಿರುವ ಐಸಿನಲ್ಲಿ ಅದ್ದಿದಳು. ಸರಿಯಿದ್ದರೆ ಸೊನ್ನೆ ತೋರಿಸಬೇಕು, ಮೂರೂ ತೋರಿಸಿದವು. ಆಮೇಲೆ ಕೋಣೆಯ ನಡುವೆ, ನೆರಳಿನಲ್ಲಿ, ಮಶೀನಿನಿಂದ ದೂರ ತೂಗುಹಾಕಿದಳು. ಅಳತೆ ಎರಡು ಡಿಗ್ರಿ ಇಳಿಯಿತು. ಅಂದರೆ ಅಣ್ಣನ ಮಾತಿನಲ್ಲಿ ಎರಡು ಡಿಗ್ರಿಯಷ್ಟು ಸತ್ಯ ಇತ್ತು. ಅದನ್ನು ಅವಳು ಒಪ್ಪಿಕೊಂಡಳು. ಆದರೂ ಮಧ್ಯಾಹ್ನ ಕೋಣೆ ಮೊಟ್ಟೆಗಿಂತ ಬಿಸಿಯಾಗಿಯೇ ಇತ್ತು.

ಅವಳು ಅಷ್ಟಕ್ಕೂ ಬಿಡಲಿಲ್ಲ. "ಮಶೀನು ಹಳೇದಾಗಿರಬಹುದಲ್ವಾ? ಕೋಳಿಗಳ ಮೇವು ಕೆಟ್ಟಿರಬಹುದಲ್ವಾ?" ಅಂತ ಡಾಕ್ಟರಮ್ಮನನ್ನೇ ಕೇಳಿದಳು.

"ಕೇಳಬೇಕಾದ ಪ್ರಶ್ನೆ. ಚಳಿಗಾಲದಲ್ಲಿ ಇದೇ ಮಶೀನು, ಇದೇ ಕೋಳಿ, ಇದೇ ಮೇವು. ಮರಿ ಹೇಗೆ ಬಂದ್ವು?"

"ಚೆನ್ನಾಗಿ ಬಂದ್ವು."

"ಬೇಸಿಗೇಲಿ ಬದಲಾಗಿದ್ದು ಏನು?"

"ಬಿಸಿ," ಅಂದಳು ತಂಗಿ. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಣ್ಣನಿಗೆ ಹೇಳಿದಳು. ಥರ್ಮಾಮೀಟರು ಸರಿಯಿದೆ ಅಂದಳು.

"ಸರಿಯಿರ್ಲಿ. ಬೇಸಿಗೇಲಿ ಬಿಸಿಯಾಗ್ದೆ ಚಳಿಯಾಗುತ್ತಾ?"

"ಅಪ್ಪನ ಕಾಲದಲ್ಲಿ ಅಲಾರಂ ಕೂಗ್ತಿರ್ಲಿಲ್ಲ."

"ಆಗ ಅಲಾರಂ ಕೆಟ್ಟಿತ್ತು."

"ಈಗ ಥರ್ಮಾಮೀಟರ್ ಕೆಟ್ಟಿದೆ ಅಂದೆ. ಆಗ ಅಲಾರಂ ಕೆಟ್ಟಿತ್ತು ಅಂತೀ. ನಿನಗೆ ಬೇಡದ್ದು ಹೇಳೋದೆಲ್ಲಾ ಕೆಟ್ಟಿರುತ್ತೇನಣ್ಣ?"

ಅತ್ತಿಗೆ ಕಿಸಕ್ಕನೆ ನಕ್ಕಳು. ಗಂಡ ದುರುಗುಟ್ಟಿದ್ದಕ್ಕೆ ಸಾರಿನ ಪಾತ್ರೆಯೊಳಗೆ ನೋಡುತ್ತಾ ನಗು ಮುಂದುವರಿಸಿದಳು.

ಮರುವಾರ ಡಾಕ್ಟರಮ್ಮ ಥರ್ಮಾಮೀಟರು ವಾಪಸ್ ಒಯ್ಯಲು ಬಂದಾಗ ಅಣ್ಣ ಕಾದು ಕೂತಿದ್ದ. ಕೈಯಲ್ಲಿ ಫೋನು. ಬ್ಯಾಟರಿ ಅಂಗಡಿಯ ಗೆಳೆಯ ಕಳಿಸಿದ ವಿಡಿಯೋಗಳು ಅದರಲ್ಲಿ ತುಂಬಿ ತುಳುಕುತ್ತಿದ್ದವು. ಯಾರೋ ಕನ್ನಡಕದವನು ಬಿಳಿಯ ಗೋಡೆಯ ಮುಂದೆ ನಿಂತು, ಲೋಕ ಬಿಸಿಯಾಗುತ್ತಿದೆ ಅನ್ನುವುದೇ ಸುಳ್ಳು ಅಂತ ಕೈಯಾಡಿಸುತ್ತಿದ್ದ.

"ಡಾಕ್ಟರಮ್ಮ, ಒಂದು ಕೋಣೆ ಬಿಸಿಯಾದ್ರೆ ಲೋಕ ಬಿಸಿಯಾಯ್ತಾ?"

"ಇಲ್ಲ. ಸರಿಯಾಗಿ ಕೇಳಿದ್ರಿ. ನಿಮ್ಮ ಕೋಣೆ ನೋಡಿ ಲೋಕದ ಮಾತು ಹೇಳೋಕಾಗಲ್ಲ. ಅದಕ್ಕೇ ಸಾವಿರಾರು ಕಡೆ, ನೂರು ವರ್ಷಕ್ಕೂ ಹೆಚ್ಚು ಕಾಲ ಅಳೆದಿದ್ದಾರೆ. ನೆಲದ ಮೇಲೂ, ಸಮುದ್ರದಲ್ಲೂ."

"ಊರಲ್ಲೆಲ್ಲ ಸಿಮೆಂಟು, ಟಾರು. ಅದರ ಕಾವನ್ನೇ ಅಳೆದಿರ್ತಾರೆ."

"ಅದೂ ಸರಿಯಾದ ಅನುಮಾನವೇ. ವಿಜ್ಞಾನಿಗಳಿಗೂ ಬಂದಿತ್ತು. ಹಾಗೆ ಅನುಮಾನಪಟ್ಟ ಒಂದು ಗುಂಪು ಎಲ್ಲಾ ದಾಖಲೆ ಹೊಸದಾಗಿ ತೆಗೆದು, ಊರಿನ ಅಳತೆ ಬೇರೆ, ಬಯಲಿನ ಅಳತೆ ಬೇರೆ ಮಾಡಿ ಲೆಕ್ಕ ಹಾಕ್ತು. ಬಂದದ್ದು ಅದೇ ಉತ್ತರ. ಅವರ ಮುಖಂಡ ನನ್ನ ಅನುಮಾನ ತಪ್ಪಾಗಿತ್ತು ಅಂತ ಬರೆದೇ ಹೇಳಿದ. ಸಮುದ್ರದ ನಡುವೆ ಯಾರು ಟಾರು ಹಾಕಿದಾರೆ ಹೇಳಿ? ಅದೂ ಬಿಸಿಯಾಗ್ತಿದೆ."

"ಹಾಗಾದ್ರೆ ವಿಜ್ಞಾನಿಗಳು ತಮ್ಮತಮ್ಮಲ್ಲೇ ಯಾಕೆ ಕಿತ್ತಾಡ್ತಾರೆ?"

"ಎಷ್ಟು ಬೇಗ ಬಿಸಿಯಾಗುತ್ತೆ, ಮಳೆ ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ, ಅದರಲ್ಲಿ ಕಿತ್ತಾಡ್ತಾರೆ. ಬಿಸಿಯಾಗ್ತಿದೆಯೋ ಇಲ್ವೋ ಅನ್ನೋದ್ರಲ್ಲಿ ಅಲ್ಲ."

"ಸೂರ್ಯನ ಆಟ ಇದು. ಮೊದಲೂ ಲೋಕ ಬಿಸಿಯಾಗಿದೆ, ತಣ್ಣಗಾಗಿದೆ. ಸೂರ್ಯ ಅಲ್ಲ, ಮನುಷ್ಯ ಸುಡೋ ಕಲ್ಲಿದ್ದಲು ಪೆಟ್ರೋಲೇ ಅಂತ ಹೇಗೆ ಹೇಳ್ತೀರಿ?"

"ಹೇಳ್ತೀನಿ. ಅದನ್ನ ನೋಡೋದು ಹೇಗೆ ಅಂದ್ರೆ..."

ಅಣ್ಣ ಸ್ಕೂಟರಿನ ಕಿಕ್ಕರ್ ಮೇಲೆ ಕಾಲಿಟ್ಟಾಗಿತ್ತು. "ಬಿಡಿ ಡಾಕ್ಟರಮ್ಮ, ಫ್ಯಾನ್ ಕಂಪನಿಯವರು ನಿಮಗೇನಾದ್ರೂ ಕೊಡ್ತಾರೇನೋ!" ಅಂತ ನಗುತ್ತಾ ಹೊರಟೇಹೋದ. ಡಾಕ್ಟರಮ್ಮನ ಅರ್ಧ ಮಾತು ಹೊಗೆಯಲ್ಲಿ ನಿಂತಿತು.

ತಂಗಿಗೆ ಮೈ ಉರಿಯಿತು. ಅವನು ಕೇಳಿದ್ದಕ್ಕಲ್ಲ. ಕೇಳಿದ ಪ್ರಶ್ನೆಗಳೆಲ್ಲ ಕೇಳಬೇಕಾದವೇ. ಒಂದಕ್ಕೆ ಉತ್ತರ ಬಂದ ತಕ್ಷಣ ಅದನ್ನು ನೆಲಕ್ಕೆ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದನಲ್ಲ, ಅದಕ್ಕೆ. ಸಿಕ್ಕ ಉತ್ತರ ಯಾವುದನ್ನೂ ಅವನು ಮನೆಗೆ ಒಯ್ಯುತ್ತಿರಲಿಲ್ಲ. ಕಡೆಗೆ ಪ್ರಶ್ನೆ ಮುಗಿದಾಗ, ಉತ್ತರ ಕೊಟ್ಟವರ ಮೇಲೆ ಕೆಸರು ಎರಚಿದ.

ಅವನು ವಾಪಸ್ ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಒಂದೇ ಪ್ರಶ್ನೆ ಅಣ್ಣ. ಪುಡಿ ಮಾರೋನಿಗೆ, ಏನು ಬಂದ್ರೆ ಒಪ್ತೀನಿ ಅಂತ ಮೊದಲೇ ಹೇಳಿದ್ದೆ. ಈಗ ಹೇಳು. ಏನು ತೋರಿಸಿದ್ರೆ ನೀನು ಒಪ್ತೀ?"

ಅಣ್ಣ ಸ್ಕೂಟರಿನ ಕೀ ಜೇಬಿಗೆ ಹಾಕಿದ.

"ಅಂಥದ್ದೇನೂ ಇಲ್ಲ," ಅಂದ ಕಡೆಗೆ.

"ಹಾಗಾದ್ರೆ ನೀನು ಪುರಾವೆ ಕೇಳ್ತಿಲ್ಲ. ಬೇಡ ಅಂತಿದ್ದೀ. ಮೊಟ್ಟೆನ ದೀಪಕ್ಕೆ ಹಿಡಿಯೋನು ನಿನ್ನ ಮಾತನ್ನ ಯಾಕೆ ಹಿಡಿಯಲ್ಲ?"

"ತಂಗಿ, ನಾಲಿಗೆ ಉದ್ದ ಆಯ್ತು."

"ಆಯ್ತು. ಮಶೀನಾದ್ರೂ ಅರ್ಧ ತುಂಬು. ಅರ್ಧದಷ್ಟು ಮನೆಗಳವರ ಮೊಟ್ಟೆ ಈಗ, ಉಳಿದವರದ್ದು ಬೇಸಿಗೆ ಕಳೆದ ಮೇಲೆ."

"ಅಪ್ಪ ಯಾವತ್ತಾದ್ರೂ ಮಶೀನು ಅರ್ಧ ಓಡಿಸಿದ್ದು ನೋಡಿದ್ದೀಯಾ? ಜನ ನಗ್ತಾರೆ."

ಆ ಸಲದ ಮೊಟ್ಟೆಗಳು ಉಳಿತಾಯ ಸಂಘದ ಹೆಂಗಸರದ್ದು. ಎಲ್ಲರೂ ತಮ್ಮ ಕೋಳಿ ಗುಂಪನ್ನು ದೊಡ್ಡದು ಮಾಡಬೇಕೆಂದು ಒಟ್ಟಿಗೆ ತೀರ್ಮಾನಿಸಿದ್ದರು. ವಾರವಿಡೀ ಒಂದು ಮೊಟ್ಟೆಯನ್ನೂ ಮಾರದೆ, ಮಕ್ಕಳಿಗೂ ಕೊಡದೆ ಕೂಡಿಟ್ಟಿದ್ದರು. ಪ್ರತಿಯೊಬ್ಬಳೂ ತನ್ನ ಮೊಟ್ಟೆಗೆ ತನ್ನ ಗುರುತು ಹಾಕಿದ್ದಳು: ಒಬ್ಬಳದು ಹೂವು, ಒಬ್ಬಳದು ಕತ್ತರಿ, ಇನ್ನೊಬ್ಬಳದು ಬರೀ ಎರಡು ಗೆರೆ. ಕತ್ತರಿ ಗುರುತು ಹೊಲಿಗೆಯಕ್ಕನದು. ಸಂಘಕ್ಕೆ ಅವಳೇ ಮುಂದಾಳು.

"ಇದರಲ್ಲಿ ನಮ್ಮ ಹುಡುಗೀರ ಕಾಲೇಜು ಫೀಸಿದೆ ಕಣಮ್ಮ, ಜೋಪಾನ," ಅಂದಿದ್ದಳು ಬುಟ್ಟಿ ಇಳಿಸುತ್ತಾ.

"ನಾನಿದೀನಲ್ಲ ಅಕ್ಕ," ಅಂದಿದ್ದಳು ತಂಗಿ. ಆ ಮಾತು ಕೊಟ್ಟದ್ದು ಅವಳೇ.

ಅಣ್ಣ ಮಶೀನು ಭರ್ತಿ ತುಂಬಿದ. ಏಳನೆಯ ದಿನ ದೀಪಕ್ಕೆ ಹಿಡಿದು, ಜೀವ ಇಲ್ಲದ್ದನ್ನು ತೆಗೆದು, ಉಳಿದ ಐನೂರ ಎಪ್ಪತ್ತೊಂದಕ್ಕೆ ಟಿಕ್ ಎಳೆದ. ಅಷ್ಟು ಒಳ್ಳೆಯ ಮೊಟ್ಟೆಗಳನ್ನು ಈಚೆಗೆ ನೋಡಿಲ್ಲ ಅಂತ ಅವನೇ ಹೊಗಳಿದ. ಮಾಡಿಗೆ ಸುಣ್ಣವನ್ನು ತಂಗಿ ಏಣಿ ಹತ್ತಿ ತಾನೇ ಬಳಿದಳು. ಬಾಗಿಲಿಗೆ ಒದ್ದೆ ಗೋಣಿಯನ್ನೂ ಅವಳೇ ಕಟ್ಟಿದಳು. ಗೋಡೆ ಒಡೆಯಲು ಅವನು ಬಿಡಲಿಲ್ಲ.

ಮೂರನೆಯ ವಾರ ಎಲ್ಲರ ಫೋನಿಗೂ ಎಚ್ಚರಿಕೆ ಬಂತು. ಎರಡು ದಿನ ಬಿಸಿಗಾಳಿ, ಮಧ್ಯಾಹ್ನ ಹೊರಗೆ ಬರಬೇಡಿ.

"ಹೋದ ತಿಂಗಳು ಮಳೆ ಅಂದ್ರು, ಬಂತಾ?" ಅಂದ ಅಣ್ಣ. ಮಳೆಯ ಮುನ್ಸೂಚನೆ ನಾಲ್ಕು ಸಲ ಸರಿಯಾಗಿ ಬಂದದ್ದನ್ನು ಅವನು ನೆನಪಿಟ್ಟಿರಲಿಲ್ಲ. ತಪ್ಪಿದ್ದೊಂದನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಮರುದಿನ ತಂಗಿ ಪಕ್ಕದ ಊರಿಗೆ ಹೋಗಲೇಬೇಕಿತ್ತು. ಆಸ್ಪತ್ರೆಯ ಗೋದಾಮಿನಿಂದ ಈ ಮರಿಗಳಿಗೇ ಲಸಿಕೆ ತರಬೇಕಿತ್ತು. ಬಸ್ ಹತ್ತುವ ಮೊದಲು ಗೋಣಿಗೆ ನೀರು ಹೊಯ್ದಳು. "ಅಲಾರಂ ಕೂಗಿದ್ರೆ ಮಶೀನಿನ ಬಾಗಿಲು ತೆಗಿ, ಟ್ರೇಗಳನ್ನ ನಡುಮನೆಗೆ ತಂದಿಡು, ಗೋಣಿಗೆ ನೀರು ಹಾಕು. ಇಷ್ಟೇ," ಅಂದಳು. ಅಣ್ಣ ಕೈಬೀಸಿ ಕಳಿಸಿದ.

ಆ ಮಧ್ಯಾಹ್ನ ಏನಾಯಿತೆಂದು ಅವಳಿಗೆ ಹೇಳಿದ್ದು ಅತ್ತಿಗೆ.

ಊಟ ಮುಗಿದ ಮೇಲೆ ಬ್ಯಾಟರಿ ಅಂಗಡಿಯವನು ಬಂದಿದ್ದ. ಇಬ್ಬರೂ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕೂತು ವಿಡಿಯೋ ನೋಡುತ್ತಿದ್ದರು. ಅಲಾರಂ ಕೂಗಿತು. ಅಣ್ಣ ಎದ್ದು ಹೋಗಿ ಬಟನ್ ಒತ್ತಿ ಬಂದ. ಮತ್ತೆ ಕೂಗಿತು. ಮತ್ತೆ ಒತ್ತಿ ಬಂದ. ಮೂರನೆಯ ಸಲ ಕೂಗಿದಾಗ ಅತ್ತಿಗೆ ಅಡುಗೆಮನೆಯಿಂದಲೇ, "ರೀ, ಬಾಗಿಲು ತೆಗೀಬೇಕಂತೆ, ತಂಗಿ ಹೇಳಿ ಹೋಗಿದಾಳೆ," ಅಂದಳು.

"ಇವರಿಗೆಲ್ಲ ಹೆದರಿಸೋದೇ ಕೆಲಸ," ಅಂದ ಬ್ಯಾಟರಿಯವನು, ಮಶೀನನ್ನೂ ಮನುಷ್ಯರನ್ನೂ ಸೇರಿಸಿ.

ಅಣ್ಣ ನಕ್ಕ. ಎದ್ದು ಹೋದ. ಸ್ಟೂಲು ಹತ್ತಿ ಅಲಾರಂನ ವೈರು ಕಿತ್ತ.

ಮನೆ ನಿಶ್ಶಬ್ದವಾಯಿತು. ವಿಡಿಯೋದಲ್ಲಿ ಕನ್ನಡಕದವನು ಮಾತಾಡುತ್ತಲೇ ಇದ್ದ.

ತಂಗಿ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಒಣಗಿ ರಟ್ಟಾಗಿದ್ದ ಗೋಣಿಯನ್ನು ಸರಿಸಿ ಒಳಗೆ ಹೋದಳು. ಮಶೀನಿನ ಬಾಗಿಲು ತೆಗೆದಾಗ ಬಂದ ಗಾಳಿಗೆ ಮುಖ ಹಿಂದಕ್ಕೆ ಎಳೆದುಕೊಂಡಳು. ಒಳಗಿನ ಮುಳ್ಳು ನಲವತ್ತೆರಡರ ಮೇಲಿತ್ತು. ಟ್ರೇಗಳನ್ನು ಒಂದೊಂದೇ ಹೊತ್ತು ನಡುಮನೆಯ ನೆಲದ ಮೇಲೆ ಹರಡಿದಳು. ಅತ್ತಿಗೆಯೂ ಕೈ ಹಾಕಿದಳು. ಅಣ್ಣ ಹಿಂದೆಯೇ ಬಂದು, "ಏನಾಗಿಲ್ಲ, ಮೊಟ್ಟೆ ಗಟ್ಟಿ ಇರುತ್ತೆ," ಅನ್ನುತ್ತಿದ್ದ. ಅವಳು ಒಂದು ಮೊಟ್ಟೆ ಎತ್ತಿ ಅವನ ಕೈಗಿಟ್ಟಳು.

"ದೀಪಕ್ಕೆ ಹಿಡಿ."

ಅವನು ಹಿಡಿದ. ಈ ವಯಸ್ಸಿನ ಮೊಟ್ಟೆಯೊಳಗೆ ಮರಿ ಹೊರಳಬೇಕು. ಹೊರಳಲಿಲ್ಲ. ಇನ್ನೊಂದು ಹಿಡಿದ. ಇನ್ನೊಂದು.

ಮರಿ ಒಡೆಯುವ ದಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಂದರು. ಮೂವತ್ತೆಂಟು ಮರಿಗಳು ಹೊರಬಂದಿದ್ದವು. ಅವುಗಳಲ್ಲಿ ಒಂಬತ್ತು ನಿಲ್ಲಲಾರದೆ ಪಕ್ಕಕ್ಕೆ ಬಿದ್ದುಕೊಂಡಿದ್ದವು.

ಹೊಲಿಗೆಯಕ್ಕ ಟ್ರೇಗಳ ಮುಂದೆ ನಿಂತಳು. "ಉಳಿದವು?"

"ಅಕ್ಕ, ಮೊಟ್ಟೆ ಹಳೇವಿದ್ವು ಅನ್ಸುತ್ತೆ," ಅಂದ ಅಣ್ಣ. "ಹುಂಜ ಕಮ್ಮಿ ಇದ್ರೂ ಹೀಗಾಗುತ್ತೆ. ಜೀವನೇ ಕೂಡಿರಲ್ಲ."

ಹೊಲಿಗೆಯಕ್ಕ ಕತ್ತರಿ ಗುರುತಿನ ಒಂದು ಮೊಟ್ಟೆ ತೆಗೆದು ಟ್ರೇಯ ಅಂಚಿಗೆ ಕುಟ್ಟಿದಳು. ಒಳಗೆ ಪೂರ್ತಿ ಬೆಳೆದ ಮರಿ ಇತ್ತು. ಪುಕ್ಕ ಮೂಡಿತ್ತು, ಕೊಕ್ಕು ಮೂಡಿತ್ತು. ತಲೆಯನ್ನು ರೆಕ್ಕೆಯಡಿ ತೂರಿಸಿಕೊಂಡು ಸತ್ತಿತ್ತು.

"ಜೀವ ಕೂಡಿರ್ಲಿಲ್ವಾ?" ಅಂದಳು. ಚಿಪ್ಪನ್ನು ತಿರುಗಿಸಿ ಅವನ ಮೂಗಿನ ಮುಂದೆ ಹಿಡಿದಳು. "ಈ ನೀಲಿ ಟಿಕ್ ಹಾಕಿದ್ದು ಯಾರು? ನನ್ನ ಗಂಡನಾ?"

ಅಣ್ಣ ಚಿಪ್ಪನ್ನು ನೋಡಿದ. ಬೇರೆಯವರ ಪುರಾವೆಯನ್ನೆಲ್ಲ ಕೊಡವಿ ಹಾಕಿದವನಿಗೆ ತನ್ನ ಕೈಯ ಗೆರೆಯನ್ನು ಕೊಡವಲು ಆಗಲಿಲ್ಲ.

"ಕರೆಂಟು ಏನೋ..." ಅಂದ.

"ಕರೆಂಟು ಇತ್ತು," ಅಂದಳು ಅತ್ತಿಗೆ, ಎಲ್ಲರ ಮುಂದೆ. "ಫ್ಯಾನ್ ತಿರುಗ್ತಿತ್ತು. ನೀವು ಅದರ ಕೆಳಗೇ ಕೂತಿದ್ರಿ."

"ಅಲಾರಂ ವೈರು ಕಿತ್ತಿದ್ದು ನಾನು," ಅಂದ ಅಣ್ಣ.

"ಗೊತ್ತು. ಬೀದಿಗೆಲ್ಲ ಗೊತ್ತು," ಅಂದಳು ಹೊಲಿಗೆಯಕ್ಕ. "ಅದಕ್ಕೆ ನಾವು ಪುರಾವೆ ಕೇಳಲ್ಲ. ಒಂದು ಮಾತು ಕೇಳಿಸ್ಕೊಳ್ಳಿ. ನಿಮಗೆ ಬೇಕಾದಷ್ಟು ಸಂಶಯ ಪಡಿ, ಯಾರು ಬೇಡ ಅಂದ್ರು? ಆದ್ರೆ ಸಂಶಯ ನಿಮ್ಮದು, ಮೊಟ್ಟೆ ನಮ್ಮದು. ನಮ್ಮ ಮೊಟ್ಟೆ ಒಳಗಿಟ್ಟುಕೊಂಡು ನೀವು ವೈರು ಕೀಳೋಕೆ ಯಾರು?"

ಅವಳು ತಂಗಿಯ ಕಡೆ ತಿರುಗಿದಳು. ತಂಗಿ ಬೈಗುಳಕ್ಕೆ ಸಿದ್ಧಳಾಗಿದ್ದಳು. ಹೊಲಿಗೆಯಕ್ಕ ಬೈಯಲಿಲ್ಲ. ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಆ ಸಂಜೆ ಗೋಡೆ ಒಡೆಯುವ ಕೆಲಸ ಶುರುವಾಯಿತು. ಹಾರೆ ಹಿಡಿದದ್ದು ಅಣ್ಣನೇ. ವಾರದೊಳಗೆ ಎದುರುಬದುರು ಎರಡು ಫ್ಯಾನು ಬಂದವು. ಬೇಸಿಗೆ ಮುಗಿಯುವವರೆಗೆ ಮಶೀನು ಅರ್ಧವೇ ತುಂಬಬೇಕು, ಸಂಘದವರಿಗೆ ಸಲ್ಲಬೇಕಾದ ಮರಿ ಸಲ್ಲುವವರೆಗೆ ಹ್ಯಾಚರಿ ತನಗಾಗಿ ಒಂದು ಮರಿಯನ್ನೂ ಇಟ್ಟುಕೊಳ್ಳಬಾರದು ಅಂತ ತಂಗಿ ಕಡ್ಡಿ ಮುರಿದಂತೆ ಹೇಳಿದಳು. ಅಣ್ಣ ಎದುರಾಡಲಿಲ್ಲ.

ಡಾಕ್ಟರಮ್ಮ ಮತ್ತೆ ಬಂದಾಗ ಅವನು ಸ್ಟೂಲು ಎಳೆದು ಕೂತ. ಸ್ಕೂಟರಿನ ಕೀ ಗೂಟದಲ್ಲಿ ನೇತಾಡುತ್ತಿತ್ತು.

"ಅವತ್ತು ಕೇಳಿದ್ದೆ," ಅಂದ. "ಸೂರ್ಯ ಅಲ್ಲ ಅಂತ ಹೇಗೆ ಗೊತ್ತು?"

"ಅವತ್ತು ಫ್ಯಾನ್ ಕಂಪನಿಯವರು ನನಗೆ ಏನೋ ಕೊಡ್ತಾರೆ ಅಂದಿದ್ರಿ."

"ತಪ್ಪಾಯ್ತು. ಈಗ ಕೇಳ್ತೀನಿ, ಹೇಳಿ."

"ಉಪಗ್ರಹಗಳು ಹತ್ತಾರು ವರ್ಷದಿಂದ ಸೂರ್ಯನ ಶಾಖ ಅಳೀತಿವೆ. ಅದು ಏರಿಲ್ಲ. ಭೂಮಿ ಮಾತ್ರ ಬಿಸಿಯಾಗಿದೆ. ಇನ್ನೊಂದು. ಸೂರ್ಯನೇ ಕಾರಣ ಆಗಿದ್ರೆ ವಾತಾವರಣದ ಮೇಲಿನ ಪದರ, ಕೆಳಗಿನ ಪದರ ಎರಡೂ ಬಿಸಿಯಾಗಬೇಕಿತ್ತು. ಕೆಳಗಿನದು ಬಿಸಿಯಾಗಿದೆ, ಮೇಲಿನದು ತಣ್ಣಗಾಗಿದೆ. ಹೊಗೆಯ ಅನಿಲ ಕಂಬಳಿ ಥರ ಶಾಖ ತಡೆದು ನಿಲ್ಲಿಸಿದಾಗ ಮಾತ್ರ ಹಾಗಾಗೋದು. ಆ ಅನಿಲ ಕಲ್ಲಿದ್ದಲು, ಪೆಟ್ರೋಲು ಸುಟ್ಟದ್ದರಿಂದ ಬಂದದ್ದು ಅಂತ ಅದರ ಇಂಗಾಲವನ್ನ ಪರೀಕ್ಷೆ ಮಾಡಿ ಹೇಳಬಹುದು. ನೀವು ದೀಪಕ್ಕೆ ಹಿಡಿದಂತೆ ಅವರೂ ಹಿಡಿದು ನೋಡಿದಾರೆ."

ಅಣ್ಣ ಪೂರ್ತಿ ಕೇಳಿದ. ನಡುವೆ ಒಮ್ಮೆ ಬಾಯಿ ತೆರೆದದ್ದನ್ನು ತಂಗಿ ನೋಡಿದಳು, ಅವನೇ ಮುಚ್ಚಿಕೊಂಡ.

"ಮುಂದಿನ ಬೇಸಿಗೆ ಎಷ್ಟು ಡಿಗ್ರಿ ಆಗುತ್ತೆ?" ಅಂತ ಕೇಳಿದ.

"ಅದು ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಅನ್ನೋರ ಹತ್ರ ನೀವು ಪುರಾವೆ ಕೇಳ್ಬಹುದು."

"ಹಾಗಾದ್ರೆ ಒಪ್ಪಿದೆ," ಅಂದ ಅಣ್ಣ.

"ಇಷ್ಟು ಹೇಳೋಕೆ ಇಷ್ಟು ಮರಿ ಬೇಕಾದ್ವಾ ನಿಮಗೆ?" ಅಂದಳು ಅತ್ತಿಗೆ. ಯಾರೂ ನಗಲಿಲ್ಲ.

ಇದನ್ನು ಓದುತ್ತಿರುವವರೇ, ಸಂಘದಲ್ಲಿ ಕೂತು ಕೇಳುತ್ತಿರುವವರೇ, ಸಂಶಯ ಪಡಬೇಡಿ ಅಂತ ನಿಮಗೆ ಯಾರೂ ಹೇಳುತ್ತಿಲ್ಲ. ಪಡಿ. ಸರಕಾರದ ಮಾತನ್ನು ಸಂಶಯಪಡಿ, ಕಂಪನಿಯ ಮಾತನ್ನು ಸಂಶಯಪಡಿ, ವಿಜ್ಞಾನಿಯ ಮಾತನ್ನೂ ಸಂಶಯಪಡಿ. ಅವರು ತಮ್ಮ ಮಾತನ್ನು ತಾವೇ ಸಂಶಯಪಟ್ಟು ಪಟ್ಟೇ ಇಷ್ಟು ತಿಳಿದುಕೊಂಡಿದ್ದಾರೆ. ಆದರೆ ಕೇಳಿದ ಮೇಲೆ ಕೂತು ಕೇಳಿಸಿಕೊಳ್ಳಿ. ಏನು ತೋರಿಸಿದರೆ ಒಪ್ಪುತ್ತೀರೆಂದು ಮೊದಲೇ ಹೇಳಿ. ಹೇಳಲು ನಿಮ್ಮ ಬಳಿ ಏನೂ ಇಲ್ಲವಾದರೆ ಅದನ್ನು ಸಂಶಯ ಅಂತ ಕರೆಯಬೇಡಿ, ಅದು ಹಟ. ಫೋನಿನಲ್ಲಿ ವಿಡಿಯೋ ಬಂದರೆ ಮುಂದಕ್ಕೆ ದಬ್ಬುವ ಮೊದಲು, ಇದನ್ನು ಅಳೆದವರು ಯಾರು, ಬೇರೆಯವರು ಮತ್ತೆ ಅಳೆದು ನೋಡಿದ್ದಾರಾ ಅಂತ ವಿಡಿಯೋ ಕಳಿಸಿದವನನ್ನೇ ಕೇಳಿ. ಬಿಸಿಗಾಳಿಯ ಎಚ್ಚರಿಕೆ ಬಂದರೆ ನೀರು, ನೆರಳು, ಗಾಳಿಯ ಏರ್ಪಾಡು ಮಾಡಿಕೊಳ್ಳಿ. ಪಕ್ಕದ ಮನೆಯ ಮುದುಕರನ್ನೂ ಕೂಸುಗಳನ್ನೂ ವಿಚಾರಿಸಿ. ಓಟು ಕೇಳಲು ಬಂದವರನ್ನು, ಹೊಗೆ ಕಡಿಮೆ ಮಾಡಲು ಏನು ಮಾಡುತ್ತೀರಿ ಅಂತ ನಿಲ್ಲಿಸಿ ಕೇಳಿ. ಉತ್ತರ ಕೊಡದೆ ಗಾಡಿ ಹತ್ತಿದರೆ ನೆನಪಿಟ್ಟುಕೊಳ್ಳಿ. ಕೂಗುವ ಅಲಾರಂ ಸುಳ್ಳು ಅನ್ನಿಸಿದರೆ ಇನ್ನೊಂದು ಥರ್ಮಾಮೀಟರು ತಂದು ಪಕ್ಕದಲ್ಲಿಟ್ಟು ನೋಡಿ. ವೈರಿಗೆ ಕೈ ಹಾಕಬೇಡಿ. ಒಳಗಿರುವುದು ನಿಮ್ಮದು ಮಾತ್ರವಲ್ಲ.

ಆ ಹ್ಯಾಚರಿಯಲ್ಲಿ ಟಿಕ್ ಬಿದ್ದಿದ್ದ ಮೊಟ್ಟೆಗಳು ಐನೂರ ಎಪ್ಪತ್ತೊಂದು, ಹನ್ನೊಂದು ಮನೆಗಳವು. ಮರಿಯಾದದ್ದು ಮೂವತ್ತೆಂಟು. ಒಂಬತ್ತು ಎರಡು ದಿನದಲ್ಲಿ ಸತ್ತವು. ಉಳಿದದ್ದು ಇಪ್ಪತ್ತೊಂಬತ್ತು. ಹೋದದ್ದು ಐನೂರ ನಲವತ್ತೆರಡು.